ಕೊರತೆಯ ಬೇರು ಹುಡುಕುವುದು ಹೇಗೆ?

ಬಜೆಟ್ ಬಂದ ವಾರ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಮಗಳಿಗೆ ಪಾಠ ಹೇಳುತ್ತಿದ್ದರು: ‘ಡೆಬಿಟ್, ಡೆಫಿಸಿಟ್ ಎರಡೂ ಒಂದ ಬೇರಿಂದ ಬಂದಾವ ನೋಡವ್ವಾ.’ ಹುಡುಗಿ ಬರೆದುಕೊಂಡೂ ಬಿಟ್ಟಳು. ಡೆಫಿಸಿಟ್ ಅಂದರೆ ಕೊರತೆ, ಆದರೆ ಆ ಬೇರಿನ ಮಾತು ತಪ್ಪು. ಅವತ್ತು ಸುಮ್ನಿದ್ದೆ, ಪದದ ಬೇರು ಹುಡುಕುವುದು ಹೇಗೆ ಅಂತ ಈಗ ಹೇಳುತ್ತೇನೆ.

ಮೊದಲು, ಪದ ಕೇಳಿದ ಮಾತನ್ನು ಹಾಗೇ ಬರೆದಿಡಿ. ‘ಹತ್ತ್ಯಾಗ ಲುಕ್ಸಾನಾತು’, ‘ಗಲ್ಲಾದಾಗ ಇನ್ನೂರು ಕಮ್ಮಿ ಬಿತ್ತು’, ‘ಖೋತಾ ಬಜೆಟ್’. ಬರೀ ಪದ ಬರೆದರೆ ಅರ್ಥ ಜಾರಿಹೋಗುತ್ತದೆ.

ಆಮೇಲೆ ಅಕ್ಷರ ನೋಡಿ. ಖೋತಾದ ‘ಖ’ ಕಂಡರೆ ಸಾಕು, ಹೊರಗಿನಿಂದ ಬಂದದ್ದು ಅಂತ ಗೊತ್ತಾಗುತ್ತದೆ. ಆದರೆ ಮಹಾಪ್ರಾಣ ಇಲ್ಲದ್ದೆಲ್ಲ ನಮ್ಮದೇ ಅಂದುಕೊಳ್ಳಬೇಡಿ. ಕಮ್ಮಿ ಪಾರ್ಸಿಯದು, ಲುಕ್ಸಾನು ಅರಬ್ಬಿಯ ನುಕ್ಸಾನ್.

ಮೂರನೆಯದು, ಪದದ ಕೊನೆಯ ‘ತೆ’ ಎಂಬ ಬಾಲ ಬಿಡಿಸಿ. ಅಳೆಯಿಂದ ಅಳತೆ, ನಡೆಯಿಂದ ನಡತೆ, ಕೊರೆಯಿಂದ ಕೊರತೆ. ಇಲ್ಲಿ ಕೊರೆ ಎಂದರೆ ಕಡಿಮೆಯಾಗು. ಗದ್ವಾಲ ಕಡೆಯ ತೆಲುಗಿನವರು ಸಿಕ್ಕರೆ ಕೇಳಿ, ‘ನೀಟಿ ಕೊರತ’ ಅಂತಾರೆ, ಅಂದರೆ ನೀರಿನ ಕೊರತೆ. ತಮಿಳಿನಲ್ಲಿ ಕುರೈ. ಎಲ್ಲ ಒಂದೇ ಮನೆತನ.

ಜನ ಎಡವುವುದು ಇದರ ಮುಂದೆ. ದನಿ ಹೊಂದಿತು ಅಂತ ನೆಂಟಸ್ತನ ಕಟ್ಟಿಬಿಡುತ್ತಾರೆ. ಹಾಗಾಗಿ ಎರಡೂ ಪದಗಳನ್ನು ಬೇರೆ ಬೇರೆಯಾಗಿ ಹಿಂದಕ್ಕೆ ಒಯ್ಯಿರಿ. ಡೆಬಿಟ್ ಹಿಂದೆ ಲ್ಯಾಟಿನ್ನಿನ ‘ಡೆಬೆರೆ’ ಇದೆ, ಸಾಲ ತೀರಿಸಬೇಕಾಗಿರು ಎಂಬ ಅರ್ಥ. ಡೆಫಿಸಿಟ್ ಹಿಂದೆ ‘ಡೆಫಿಕೆರೆ’ ಇದೆ, ಕಡಿಮೆ ಬೀಳು ಎಂಬ ಅರ್ಥ. ಬೇರೆ ಬೇರು! ಡೆಫಿಸಿಟ್‌ಗೆ ನಿಜವಾದ ನೆಂಟ ಬೇಕಾದರೆ ಡಿಫೆಕ್ಟ್ ಇದೆ. ಅರ್ಥವನ್ನೂ ಹೀಗೇ ಬಿಡಿಸಿ ನೋಡಿ. ಈ ವರ್ಷ ಬಂದದ್ದಕ್ಕಿಂತ ಜಾಸ್ತಿ ಖರ್ಚಾದರೆ ಆ ಅಂತರ ಕೊರತೆ. ಅದನ್ನು ತುಂಬಲು ತಂದು, ಇನ್ನೂ ತೀರದೆ ಉಳಿದದ್ದು ಸಾಲ. ಟಿವಿಯಲ್ಲಿ ಕೂಗುವವರೂ ಇವೆರಡನ್ನು ಕಲಸುತ್ತಾರೆ.

ಕೊನೆಗೆ ನಿಘಂಟು. ಪರೀಕ್ಷೆಗೆ ಅಂತ ಮಾರುವ ಜೇಬಿನ ಡಿಕ್ಷನರಿ ಬೇಡವೇ ಬೇಡ, ಅದರಲ್ಲಿ ಬೇರು ಇರುವುದಿಲ್ಲ. ಮೊಬೈಲಿನ ಅನುವಾದವೂ ಅಷ್ಟೇ. 1894ರ ಕಿಟೆಲ್ ನಿಘಂಟು ತೆಗೆಯಿರಿ. ಹಳೆಯ ‘ಱ’ ಅಕ್ಷರ ಅಲ್ಲಿ ಉಳಿದಿದೆ, ಕೊರತೆಯನ್ನು ‘ಕೊಱತೆ’ ಎಂದೇ ಹುಡುಕಿ.

ಇನ್ನೊಂದು ಮಾತು. ಲ್ಯಾಟಿನ್ನಿನಲ್ಲಿ ಡೆಫಿಸಿಟ್ ನಾಮಪದವೇ ಅಲ್ಲ, ಕ್ರಿಯಾಪದ. ‘ಇದು ಇಲ್ಲ, ಕಡಿಮೆ ಬಿದ್ದಿದೆ’ ಎಂದು ಅರ್ಥ. ಸಾಮಾನಿನ ಪಟ್ಟಿ ಮಾಡುವಾಗ ಸಿಗದ ವಸ್ತುವಿನ ಮುಂದೆ ಗುಮಾಸ್ತರು ಬರೆಯುತ್ತಿದ್ದ ಮಾತು ಅದು. ಫ್ರೆಂಚರ ಬಾಯಲ್ಲಿ ಅದು ನಾಮಪದವಾಯಿತು. 18ನೇ ಶತಮಾನದ ಕೊನೆಗೆ ಅಲ್ಲಿನ ಜನ ರಾಣಿ ಮೇರಿ ಆಂಟೊನೆಟ್‌ಳನ್ನೇ ‘ಮದಾಮ್ ಡೆಫಿಸಿಟ್’ ಎಂದು ಆಡಿಕೊಂಡರು. ನಮ್ಮ ಓಣಿಯ ಕಿರಾಣಿಯವರು ರಾತ್ರಿ ಗಲ್ಲಾ ಎಣಿಸಿ, ಚೀಟಿಯಲ್ಲಿ 200ರ ಮುಂದೆ ‘ಕಮ್ಮಿ’ ಎಂದು ಗೀಚುತ್ತಾರೆ. ಆ ಗುಮಾಸ್ತರು ಬರೆಯುತ್ತಿದ್ದದ್ದೂ ಅದನ್ನೇ.