‘ಕೀ’ ಕಂಡಲ್ಲೆಲ್ಲ ‘ಪ್ರಮುಖ’ ಬರೆಯೋದು ಬಿಟ್ಟೆ

ಏಜೆನ್ಸಿ ಕಾಪಿ, ಅಂದರೆ ಸುದ್ದಿಸಂಸ್ಥೆಗಳು ಕಳಿಸುವ ಇಂಗ್ಲಿಷ್ ಸುದ್ದಿ, ಅನುವಾದ ಮಾಡುವವರಿಗೆ ‘ಕೀ’ (key) ಅನ್ನೋ ವಿಶೇಷಣದ ಕಾಟ ಗೊತ್ತೇ ಇದೆ. ಕೀ ಮೀಟಿಂಗ್, ಕೀ ರೇಟ್, ಕೀ ಆರೋಪಿ, ಕೀ ವಿಕೆಟ್, ಕೀ ಕ್ಷೇತ್ರ. ಎಲ್ಲಕ್ಕೂ ನಮ್ಮ ಡೆಸ್ಕ್‌ಗಳಲ್ಲಿ ಒಂದೇ ಉತ್ತರ, ‘ಪ್ರಮುಖ’. ಮೇಜರ್ ಬಂದರೂ ಅದೇ, ಲೀಡಿಂಗ್ ಬಂದರೂ ಅದೇ. ನಾನು ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಿಂದ ಒಂದು ಕನ್ನಡ ವೆಬ್‌ಸೈಟಿಗೆ ವಾಣಿಜ್ಯ ಸುದ್ದಿ ಮಾಡಿಕೊಡುತ್ತೇನೆ. ಆ ಪದವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇನೆ. ಆಗಲ್ಲ ಅಂದವರು ಬಹಳ ಜನ. ಆಗಿದೆ.

ಮೊದಲು ಪಟ್ಟಿ ಮಾಡಿ ನೋಡಿದೆ. ಸಭೆಗೆ ಮಹತ್ವದ, ಕ್ಷೇತ್ರಕ್ಕೆ ನಿರ್ಣಾಯಕ, ಆರೋಪಿಗೆ ಮುಖ್ಯ. ಕೆಲವೇ ವಾರದಲ್ಲಿ ನಡೆದ ಸಭೆಯೆಲ್ಲ ಮಹತ್ವದ್ದಾಯಿತು, ‘ಪ್ರಮುಖ’ ಇದ್ದ ಜಾಗಕ್ಕೆ ಇನ್ನೊಂದು ಸವಕಲು ಪದ ಬಂತು, ಅಷ್ಟೇ. ಲೋಕಲ್ ರೈಲಿನಲ್ಲಿ ಮರಾಠಿ ಪೇಪರ್ ಓದುವಾಗ ‘ಕಳೀಚಾ ಮುದ್ದಾ’ (ಕೀ ವಿಷಯ) ಅಂತ ಕಣ್ಣಿಗೆ ಬಿತ್ತು. ಅದನ್ನು ನೋಡಿ ‘ಕೀಲಕ ವಿಷಯ’ ಅಂತ ಒಂದಷ್ಟು ದಿನ ಬರೆದೆ. ಮರಾಠಿಯಲ್ಲಿ ಅದು ದಿನಬಳಕೆಯ ಮಾತು. ನಮ್ಮಲ್ಲಿ ‘ಕೀಲಕ’ ನಿಲ್ಲಲಿಲ್ಲ.

ಕೊನೆಗೆ ಫಲ ಕೊಟ್ಟದ್ದು ಒಂದು ಪ್ರಶ್ನೆ: ಯಾಕೆ ಕೀ? ಉತ್ತರ ಕಾಪಿಯಲ್ಲೇ ಎಲ್ಲೋ ಕೆಳಗೆ ಇರುತ್ತದೆ, ಜಾಸ್ತಿ ಸಲ ನಾಲ್ಕನೆಯ ಪ್ಯಾರಾದಲ್ಲಿ. ಅದನ್ನು ಮೇಲೆತ್ತಿ ವಿಶೇಷಣದ ಜಾಗದಲ್ಲಿ ಕೂರಿಸಿ. ಉತ್ತರ ಇಲ್ಲವೇ ಇಲ್ಲ ಅಂದರೆ ಪದವನ್ನೇ ಹೊಡೆದು ಹಾಕಿ.

2025ರ ಜೂನ್ 6ರಂದು ಇದು ಚೆನ್ನಾಗಿ ಕೈಹಿಡಿಯಿತು. ಆರ್‌ಬಿಐ ಕಚೇರಿ ಇರುವ ಮಿಂಟ್ ರೋಡಿನಿಂದ ಬಡ್ಡಿ ದರದ ಸುದ್ದಿ ಬೆಳಿಗ್ಗೆ 10ರ ಹೊತ್ತಿಗೆ ಬರುತ್ತದೆ, ಕಾಪಿ ಕಳಿಸೋಕೆ ಅರ್ಧ ಗಂಟೆಯೂ ಸಿಗಲ್ಲ. ಅವತ್ತು ನನ್ನ ಕೈಗೆ ಬಂದದ್ದರಲ್ಲಿ ‘ಕೀ ರೇಟ್ಸ್’ ಅಂತ ಬಹುವಚನ ಇತ್ತು. ಒಳಗೆ ಇದ್ದದ್ದು ಎರಡು ಬೇರೆ ಸಂಗತಿ. ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 6ರಿಂದ 5.5ಕ್ಕೆ ಇಳಿದಿತ್ತು. ಸಿಆರ್‌ಆರ್ ಶೇ 4ರಿಂದ 3ಕ್ಕೆ, ನಾಲ್ಕು ಕಂತಿನಲ್ಲಿ ಇಳಿಯಲಿತ್ತು. ಮೊದಲನೆಯದು ಗೃಹಸಾಲದ ಇಎಂಐ ಮುಟ್ಟುತ್ತದೆ. ಎರಡನೆಯದು ಬಡ್ಡಿಯೇ ಅಲ್ಲ, ಬ್ಯಾಂಕುಗಳು ಠೇವಣಿಯಲ್ಲಿ ಆರ್‌ಬಿಐ ಬಳಿ ಇಡಬೇಕಾದ ಪಾಲು. ‘ಪ್ರಮುಖ ಬಡ್ಡಿ ದರಗಳ ಇಳಿಕೆ’ ಅಂತ ಹಾಕಿದ್ದರೆ ಅದು ತಪ್ಪು ಸುದ್ದಿ, ಅಲ್ವಾ? ರೆಪೊ ಅಂದರೆ ಓದುಗರಿಗೆ ತಿಳಿಯಲ್ಲ ಅನ್ನೋದು ಸಂಪಾದಕರ ವಾದ. ಸಾಲದ ಕಂತು ಕಟ್ಟುವವರಿಗೆಲ್ಲ ತಿಳಿಯುತ್ತದೆ ಸರ್, ಅಂದೆ. ‘ರೆಪೊ ಇಳಿಕೆ, ಇಎಂಐ ಹಗುರ ಸಾಧ್ಯತೆ’ ಅಂತ ಹೋಯಿತು. ಅವತ್ತು ನನ್ನ ಬೇರೆಲ್ಲ ಸುದ್ದಿಗಿಂತ ಸುಮಾರು ಮೂರು ಪಟ್ಟು ಜನ ಅದನ್ನು ತೆರೆದರು.

ಕ್ರೈಮ್ ಸುದ್ದಿಯಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ‘ಕೀ ಆರೋಪಿ’ ಅನ್ನೋ ದರ್ಜೆ ಕಾನೂನಿನಲ್ಲಿ ಇಲ್ಲ. ಚಾರ್ಜ್‌ಶೀಟಿನ ನಂಬರ್ ಇದೆ, ಆರೋಪ ಏನು ಅಂತ ಇದೆ. ಅದನ್ನೇ ಬರೆಯಿರಿ. ‘ಕೀ ಸಾಕ್ಷಿ’ಯೂ ಹಾಗೇ. 2015ರ ಡಿಸೆಂಬರ್‌ನಲ್ಲಿ ಮುಂಬೈ ಕೋರ್ಟ್ 26/11 ದಾಳಿ ಪ್ರಕರಣದಲ್ಲಿ ಡೇವಿಡ್ ಹೆಡ್ಲಿಯನ್ನು ಮಾಫಿ ಸಾಕ್ಷಿ ಮಾಡಿತು. ಮುಂದಿನ ಫೆಬ್ರವರಿಯಲ್ಲಿ ಆತ ವಿಡಿಯೋ ಮೂಲಕ ಹೇಳಿಕೆ ಕೊಟ್ಟ. ಮಾಫಿ ಸಾಕ್ಷಿ ಅಂದರೆ ಅವನೂ ತಪ್ಪಿನಲ್ಲಿ ಪಾಲುದಾರ ಅಂತ ತಿಳಿಯುತ್ತದೆ. ಪ್ರಮುಖ ಸಾಕ್ಷಿ ಅಂದರೆ ದಾರಿಹೋಕನೂ ಆಗಬಹುದು.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲು ಪದಕ್ಕೆ 50–60 ಪೈಸೆ ಸಿಗುತ್ತಿತ್ತು, ಅದೂ ಕನ್ನಡ ಪದ ಎಣಿಸಿ. ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ಬಂದರೆ ಪದಗಳ ಎಣಿಕೆ ಮೊದಲೇ ಕಡಿಮೆ. ಅದರ ಮೇಲೆ ನಾನು ವಿಶೇಷಣ ಕಿತ್ತೆಸೆದಷ್ಟೂ ನನಗೇ ನಷ್ಟ. ತಿಂಗಳಿಗೆ ಏಳೆಂಟು ನೂರು ಕಡಿಮೆ ಬಂತು. ಆ ಜೂನ್ ಸುದ್ದಿ ಆದಮೇಲೆ ಲೆಕ್ಕ ಮುಂದಿಟ್ಟು ಮಾತಾಡಿದೆ. ಈಗ ಸುದ್ದಿಗೆ ಇಷ್ಟು ಅಂತ, ಸುಮಾರು 250 ರೂಪಾಯಿ. ಆರ್‌ಬಿಐ ದಿನ ಸ್ವಲ್ಪ ಜಾಸ್ತಿ.  

ಒಂದು ಕಡೆ ‘ಪ್ರಮುಖ’ ತೆಗೆಯಬಾರದು. 2013ರ ಕಂಪನಿ ಕಾಯ್ದೆಯಲ್ಲಿ ಬರುವ ‘ಕೀ ಮ್ಯಾನೇಜೀರಿಯಲ್ ಪರ್ಸನಲ್’. ಸಿಇಒ, ಸಿಎಫ್‌ಒ, ಕಂಪನಿ ಸೆಕ್ರೆಟರಿ ಇಂಥವರು ಅದರಲ್ಲಿ ಸೇರುತ್ತಾರೆ. ಅದು ಕಾನೂನಿನ ಮಾತು. ಕಂಪನಿಗಳು ಷೇರುಪೇಟೆಗೆ ಕಳಿಸುವ ರಾಜೀನಾಮೆಯ ಪ್ರಕಟಣೆಯಲ್ಲಿ ಅದು ಕಂಡರೆ ಪೂರ್ತಿ ಬರೆದು, ರಾಜೀನಾಮೆ ಕೊಟ್ಟದ್ದು ಯಾವ ಹುದ್ದೆಯವರು ಅಂತ ಅದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ.