ಎಟಿಎಂ, ಯುಪಿಐ ಪಿನ್: ನಂಬರ್ ಇಡುದು ಹೇಗೆ, ಕಾಯುದು ಹೇಗೆ

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ರ ಎಟಿಎಂ ಕ್ಯೂನಲ್ಲಿ ನಿಂತಿದ್ದೆ, ಎದುರಿದ್ದ ಅಜ್ಜಿಯೊಬ್ರು ಕಾರ್ಡನ್ನ ನನ್ನ ಕೈಗೇ ಕೊಟ್ಟು "ಮಗಾ, ಎರಡು ಸಾವಿರ ತೆಗ್ದು ಕೊಡು, ನಂಬರ್ ಅದ್ರಲ್ಲೇ ಉಂಟು" ಅಂದ್ರು. ಹೌದು, ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರಲ್ಲಿ ದಪ್ಪಕ್ಕೆ ಬರ್ದಿತ್ತು. ಪಿಗ್ಮಿ ಕಲೆಕ್ಟರ್ ಮನೆಗೇ ಬಂದು ದುಡ್ಡು ತಗೊಂಡು ಹೋಗ್ತಿದ್ದ ಊರು ನಮ್ದು, ನಂಬಿಕೆ ಸ್ವಲ್ಪ ಜಾಸ್ತಿಯೇ.

ಹೊಸ ಕಾರ್ಡ್ ಬಂದ್ರೆ ಎಟಿಎಂನಲ್ಲಿ ಪಿನ್ ಜನರೇಷನ್ ಒತ್ತಿ, ಮೊಬೈಲಿಗೆ ಬರುವ ಒಟಿಪಿ ಹಾಕಿ, ಹೊಸ ನಂಬರ್ ಎರಡು ಸಲ ಹೊಡೀರಿ. ಮುಗೀತು.

ಎಲ್ರೂ ಎಡವುದು ನಂಬರ್ ಆರಿಸುದ್ರಲ್ಲಿ. ನಾಲ್ಕು ಅಂಕಿಯಲ್ಲಿ ಒಟ್ಟು 10,000 ನಂಬರ್ ಆಗ್ತದೆ. (ಎಟಿಎಂ ತಂದ ಜಾನ್ ಶೆಫರ್ಡ್-ಬ್ಯಾರನ್ 6 ಅಂಕಿ ಇಡ್ಬೇಕಂತಿದ್ರು, ಹೆಂಡ್ತಿ ನನಗೆ ನಾಲ್ಕೇ ನೆನಪಿರುದು ಅಂದ್ರು ಅಂತ ಅವ್ರೇ ಹೇಳಿದ್ದು. ಹುಟ್ಟಿದ್ದು ನಮ್ಮ ಶಿಲ್ಲಾಂಗಲ್ಲಿ.) ಕಳ್ಳ 10,000 ಹೊಡೀತಾ ಕೂರುದಿಲ್ಲ, ಸಾಮಾನ್ಯವಾಗಿ ಮೂರು ಸಲ ತಪ್ಪಿದ್ರೆ ಕಾರ್ಡ್ ಬ್ಲಾಕ್, ಹಾಗಾಗಿ ಅವನ ಹತ್ರ ಇರುದು ಮೂರೇ ಚಾನ್ಸ್. ಈಗ ನಿಮ್ಮ ಪರ್ಸ್ ತೆಗ್ದು ನೋಡಿ. ಆಧಾರಲ್ಲಿ ಹುಟ್ಟಿದ ತಾರೀಕು, ಆರ್‌ಸಿಯಲ್ಲಿ ಕೆಎ 19 ಅಥವಾ ಕೆಎ 20ರ ಮುಂದೆ ನಾಲ್ಕು ಅಂಕಿ, ಕೆಳಗೆ ಮೊಬೈಲ್ ನಂಬರ್ ಇರುವ ವಿಸಿಟಿಂಗ್ ಕಾರ್ಡ್. ಪಿನ್ ಇದ್ರಲ್ಲೇ ಒಂದಾದ್ರೆ, ಮೂರು ಚಾನ್ಸಿಗೆ ಮೂರು ನಂಬರ್ ನೀವೇ ಜೋಡಿಸಿ ಇಟ್ಟ ಹಾಗೆ ಆಯ್ತು! ಯುಪಿಐಗೆ 6 ಅಂಕಿ ಕೇಳಿದ್ರೆ 575001, 576101 ಅಂತ ಅಂಚೆ ಪಿನ್‌ಕೋಡನ್ನೇ ಇಟ್ಟವ್ರನ್ನೂ ನೋಡಿದ್ದೇನೆ, ಅಡ್ರೆಸ್ಸಿನ ಕೊನೆಗೇ ಇರ್ತದಲ್ಲ ಮಾರಾಯ್ರೆ ಅದು.

ನಾನು ಹೇಳುದು ಒಂದೇ ಉಪಾಯ. ಮೊದ್ಲು ಮನೇಲಿ ಫೋನ್ ಇಲ್ಲದಾಗ ಪಕ್ಕದ ಮನೆಯ ನಂಬರ್ ಬರ್ದು ಪಿಪಿ ಅಂತ ಹಾಕ್ತಿದ್ವಲ್ಲ, ಆ ಲ್ಯಾಂಡ್‌ಲೈನಿನ ಕೊನೆ ನಾಲ್ಕು ಅಂಕಿ ತಗೊಳ್ಳಿ, ಅದ್ರಲ್ಲಿ ಒಂದು ಅಂಕಿ ನಿಮ್ಗೆ ಮಾತ್ರ ಗೊತ್ತಿರುವ ಹಾಗೆ ಬದಲಿಸಿ. ಪಿಪಿ ನೋಡದ ಮಕ್ಕಳು ಶಾಲೆಯ ಹಾಜರಿ ನಂಬರೆರಡು ಜೋಡಿಸ್ಲಿ. ಯುಪಿಐಗೆ ಇದೇ ಬೇಡ, ಬೇರೆ ಇಡಿ. ಪಿನ್ನನ್ನ ಕಾಂಟ್ಯಾಕ್ಟಲ್ಲಿ "ಎಟಿಎಂ ಅಣ್ಣ" ಅಂತ ಸೇವ್ ಮಾಡುವ ಬುದ್ಧಿವಂತಿಕೆ ಎಲ್ಲಾ ಕಳ್ಳರಿಗೂ ಗೊತ್ತುಂಟು.

ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡೀರಿ, ಮೀನು ಮಾರ್ಕೆಟಿನಲ್ಲೂ.

ಕಾರ್ಡ್ ಕಾಯ್ತದೆ ಅಂತ ಮಾರುವ ವಿಶೇಷ ಪರ್ಸಿಗೆ ದುಡ್ಡು ಹಾಕ್ಬೇಡಿ, ಅದು ಪಿನ್ ಕಾಯುದಿಲ್ಲ. 5,000 ರೂಪಾಯಿವರೆಗೆ ಪಿನ್ ಇಲ್ಲದೆ ಟ್ಯಾಪ್ (ಕಾರ್ಡನ್ನ ಮೆಷಿನಿಗೆ ಮುಟ್ಟಿಸಿ ದುಡ್ಡು ಕೊಡುದು) ಆಗ್ತದೆ ಅನ್ನುವ ಹೆದ್ರಿಕೆ ಇದ್ರೆ ಬ್ಯಾಂಕ್ ಆ್ಯಪಲ್ಲಿ ಟ್ಯಾಪನ್ನೇ ಆಫ್ ಮಾಡಿ, ಪುಕ್ಕಟೆ.

ಇನ್ನು ಯುಪಿಐ. ದುಡ್ಡು ಬರ್ಲಿಕ್ಕೆ ಪಿನ್ ಬೇಡ, ಬೇಡವೇ ಬೇಡ. ಹಳೇ ಮಂಚ ಮಾರ್ಲಿಕ್ಕೆ ಆನ್‌ಲೈನಲ್ಲಿ ಹಾಕಿದ್ರೆ ಒಬ್ಬ ಫೋನ್ ಮಾಡಿ "ದುಡ್ಡು ಕಳ್ಸಿದ್ದೇನೆ, ಪಿನ್ ಒತ್ತಿದ್ರೆ ಬರ್ತದೆ" ಅಂತಾನೆ, ಒತ್ತಿದ್ರೆ ಹೋಗುದು ನಿಮ್ದು. ಇನ್ನೊಂದು, ಡೆಬಿಟ್ ಕಾರ್ಡಿನ ಕೊನೆ 6 ಅಂಕಿ, ಎಕ್ಸ್‌ಪೈರಿ, ಒಟಿಪಿ ಇಷ್ಟಿದ್ರೆ ಕೆಲವು ಬ್ಯಾಂಕಲ್ಲಿ ಹೊಸ ಯುಪಿಐ ಪಿನ್ ಇಡ್ಬಹುದು, ಹಾಗಾಗಿ ಮೊಬೈಲ್ ಕವರಿನ ಹಿಂದೆ ಕಾರ್ಡ್ ತುರುಕುದು ಇವತ್ತೇ ಬಿಡಿ.

ಪಿನ್ ಹೊರಗೆ ಹೋಯ್ತು ಅನ್ನಿಸಿದ್ರೆ ನಾಚಿಕೆ ಪಡ್ತಾ ಕೂತ್ಕೊಳ್ಬೇಡಿ. 2017ರ ಆರ್‌ಬಿಐ ನಿಯಮದಲ್ಲಿ, ನೀವೇ ಪಿನ್ ಹೇಳಿ ಹೋದ ದುಡ್ಡು ಬ್ಯಾಂಕಿಗೆ ತಿಳಿಸುವವರೆಗೆ ನಿಮ್ಮ ಲೆಕ್ಕ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಲೆಕ್ಕ. ಮೊದ್ಲು ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡ್ಸಿ, ದುಡ್ಡು ಹೋಗಿದ್ರೆ ಕೂಡ್ಲೇ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್. ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆ ಇರ್ತದೆ, ಕಾರ್ಡೇ ಹೋದ್ಮೇಲೆ ನಂಬರ್ ಎಲ್ಲಿಂದ? ಗೂಗಲಲ್ಲಿ ಹುಡುಕಿದ್ರೆ ಕಳ್ಳರದ್ದೇ ಕಸ್ಟಮರ್ ಕೇರ್ ಸಿಗುದುಂಟು. ಈಗ್ಲೇ ಅದನ್ನ ಮೊಬೈಲಲ್ಲೂ ಹಾಕಿ, ಮನೆಯ ಕ್ಯಾಲೆಂಡರಿನ ಹಿಂದೆಯೂ ಬರ್ದಿಡಿ, ಪಿನ್ ಬರೀಬೇಡಿ ಮತ್ತೆ.