ಮ್ಯಾಚ್‌ಬಾಕ್ಸ್ ಕಾರಿನ ಕಾಲ ನಿರ್ಣಯ ಹೇಗೆ?

ನನ್ನ ಮೇಜಿನ ಮೇಲೆ ಎರಡು ಕೆಂಪು ಡಬಲ್ ಡೆಕ್ಕರ್ ಆಟಿಕೆ ಬಸ್ಸುಗಳಿವೆ. ಎರಡೂ ಲಂಡನ್ನಿನ ಲೆಸ್ನಿ ಕಂಪನಿ ತಯಾರಿಸಿದ ಮ್ಯಾಚ್‌ಬಾಕ್ಸ್ ಸರಣಿಯ 5ನೇ ಸಂಖ್ಯೆಯ ಮಾದರಿಗಳು. ಎರಡರ ಮಗ್ಗುಲಲ್ಲೂ ವಿಸ್ಕೋ ಸ್ಟ್ಯಾಟಿಕ್ ಎಂಬ ಎಂಜಿನ್ ಎಣ್ಣೆಯ ಜಾಹೀರಾತು, ಎರಡಕ್ಕೂ ಕಪ್ಪು ಪ್ಲಾಸ್ಟಿಕ್ ಗಾಲಿ. ದೂರದಿಂದ ನೋಡಿದವರು ಅವಳಿ ಎನ್ನುತ್ತಾರೆ. ಅಳತೆಪಟ್ಟಿ ಇಟ್ಟರೆ ಒಂದು ಸುಮಾರು 65 ಮಿಲಿಮೀಟರ್, ಇನ್ನೊಂದು 70. ಮೊದಲನೆಯದು 1961ರಲ್ಲಿ ಮಾರುಕಟ್ಟೆಗೆ ಬಂದ ಅಚ್ಚಿನದು, ಎರಡನೆಯದು 1965ರದ್ದು. ಹಳೆಯ ಡೈಕ್ಯಾಸ್ಟ್ (ಲೋಹವನ್ನು ಅಚ್ಚಿನಲ್ಲಿ ಎರೆದು ಮಾಡಿದ) ಕಾರುಗಳ ಕಾಲವನ್ನು ಹೀಗೆ ಗುರುತಿಸಲು ಅಪರೂಪದ ಪುಸ್ತಕಗಳಾಗಲಿ ದುಬಾರಿ ಉಪಕರಣಗಳಾಗಲಿ ಮೊದಲಿಗೆ ಬೇಕಿಲ್ಲ. ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಗೊತ್ತಿರಬೇಕು. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಲೆಸ್ನಿಯನ್ನು 1947ರಲ್ಲಿ ಆರಂಭಿಸಿದವರು ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್. ಇಬ್ಬರಿಗೂ ಬಂಧುತ್ವವಿರಲಿಲ್ಲ, ಇಬ್ಬರ ಹೆಸರಿನ ತುಂಡುಗಳನ್ನು ಸೇರಿಸಿ ಕಂಪನಿಗೆ ಹೆಸರಿಟ್ಟರು. ಬೇಗನೆ ಅವರ ಜೊತೆಗೂಡಿದ ಜ್ಯಾಕ್ ಓಡೆಲ್, ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವಷ್ಟು ಸಣ್ಣ ರೋಡ್ ರೋಲರನ್ನು ಮಗಳು ಶಾಲೆಗೆ ಒಯ್ಯಲೆಂದು ಮಾಡಿಕೊಟ್ಟದ್ದೇ 1953ರಲ್ಲಿ ಆರಂಭವಾದ ಸರಣಿಗೆ ಮೂಲವಾಯಿತು. ಸರಣಿ 1ರಿಂದ 75ರವರೆಗಿನ ಸಂಖ್ಯೆಗಳಲ್ಲೇ ನಡೆದದ್ದರಿಂದ ಹಳೆಯ ಮಾದರಿ ನಿಂತಾಗ ಅದೇ ಸಂಖ್ಯೆಗೆ ಹೊಸದೊಂದು ಬರುತ್ತಿತ್ತು. ಆದ್ದರಿಂದ ಸಂಖ್ಯೆ ಒಂದೇ ಕಾಲವನ್ನು ಹೇಳಲಾರದು. 5ನೇ ಸಂಖ್ಯೆಯಲ್ಲಿಯೇ 1954, 1957, 1961 ಮತ್ತು 1965ರ ನಾಲ್ಕು ಬಸ್ಸುಗಳಿವೆ. ಉದ್ದ ಕ್ರಮವಾಗಿ ಸುಮಾರು 52, 57, 65 ಮತ್ತು 70 ಮಿಲಿಮೀಟರ್.

ಒಂದೇ ಅಚ್ಚಿನಿಂದ ಬಂದ ಕಾರುಗಳಲ್ಲೂ ವ್ಯತ್ಯಾಸ ಬರಲು ಕಾರಣ ಕಾರ್ಖಾನೆಯ ದಿನನಿತ್ಯದ ಕೆಲಸವೇ. ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತಾರೆ. ಲಕ್ಷಾಂತರ ಸಲ ಹೀಗೆ ಮಾಡಿದಾಗ ಅಚ್ಚು ಸವೆಯುತ್ತದೆ, ಅದನ್ನು ತಿದ್ದುತ್ತಾರೆ, ಮುರಿಯುವ ಜಾಗಕ್ಕೆ ಒಳಗಿನಿಂದ ಆಧಾರದ ಏಣು ಕೊಡುತ್ತಾರೆ. ಬಣ್ಣದ ಡಬ್ಬ ಮುಗಿದರೆ ಮುಂದಿನ ಡಬ್ಬದ ಛಾಯೆ ತುಸು ಬೇರೆಯಾಗುತ್ತದೆ. ಗಾಲಿಯ ಬಗೆ ಬದಲಾದರೂ ಮೂಟೆಯಲ್ಲಿ ಉಳಿದ ಹಳೆಯ ಗಾಲಿಗಳನ್ನು ಯಾರೂ ಎಸೆಯುವುದಿಲ್ಲ, ಮುಗಿಯುವವರೆಗೆ ಬಳಸುತ್ತಾರೆ. ಕಾಲೋಲ್ಲೇಖವಿಲ್ಲದ ಶಾಸನವನ್ನು ಲಿಪಿಯ ಬಾಗುಬಳುಕು ನೋಡಿ ಒಂದು ಶತಮಾನಕ್ಕೆ ಸೇರಿಸುವ ವಿದ್ವಾಂಸರ ಕೆಲಸಕ್ಕೂ ಈ ಕೆಲಸಕ್ಕೂ ಹತ್ತಿರದ ಸಂಬಂಧವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ತೊಳೆಯುವ ಮುನ್ನ ನೋಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ವರ್ನಿಯರ್ ಕ್ಯಾಲಿಪರ್, ಓರೆಯಾಗಿ ಹಿಡಿಯಬಹುದಾದ ಟಾರ್ಚ್ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಕೈಗೆ ಬಂದ ಕಾರನ್ನು ಮೊದಲೇ ಸೋಪಿನ ನೀರಿಗೆ ಹಾಕಬೇಡಿ. ಆರಂಭದ ವರ್ಷಗಳ ಡಿಕಾಲ್‌ಗಳು, ಅಂದರೆ ಮೈಮೇಲಿನ ಚಿತ್ರ, ಬರಹಗಳ ತೆಳು ಪೊರೆಗಳು, ನೀರಿನಲ್ಲಿ ನೆನೆಸಿ ಅಂಟಿಸಿದಂಥವು. ಎಪ್ಪತ್ತು ವರ್ಷದ ಬಳಿಕ ಅವು ನೀರು ಸೋಕಿದೊಡನೆ ಎದ್ದು ಬರಬಹುದು. ಮೇಲಾಗಿ ಕೊಳೆಯೂ ಒಂದು ಸಾಕ್ಷಿ. ಗಾಲಿಗಳನ್ನು ಜೋಡಿಸುವ ಕಂಬಿಯಾದ ಆಕ್ಸಲ್‌ನ ತುದಿಯಲ್ಲಿ, ತಳವನ್ನು ಮೈಗೆ ಬಿಗಿಯುವ ರಿವೆಟ್‌ನ ಸುತ್ತ, ತಳದ ಮೂಲೆಗಳಲ್ಲಿ ಒಂದೇ ಬಗೆಯ ಹಳೆಯ ಮಸಿ ಕೂತಿದ್ದರೆ ಆ ಭಾಗಗಳನ್ನು ಯಾರೂ ಬಿಚ್ಚಿಲ್ಲ ಎಂದು ನಂಬಲು ಆಧಾರ ಸಿಗುತ್ತದೆ.

ಮೊದಲ ಹೆಜ್ಜೆ ಅಳತೆ. ಉದ್ದವನ್ನು ಅರ್ಧ ಮಿಲಿಮೀಟರಿನವರೆಗೆ ನಿಖರವಾಗಿ ಬರೆದುಕೊಳ್ಳಿ. ಅಚ್ಚು ಯಾವುದೆಂದು ತೀರ್ಮಾನವಾಗುವುದು ಇಲ್ಲಿಯೇ, ಮತ್ತು ಅಚ್ಚು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಎರಡನೆಯದು ತಳ. ಕಾರನ್ನು ಮಗುಚಿ, ಟಾರ್ಚನ್ನು ಪಕ್ಕದಿಂದ ಹಿಡಿದು ಅಕ್ಷರಗಳನ್ನು ಓದಿ. ತೀರಾ ಆರಂಭದ ಮಾದರಿಗಳಲ್ಲಿ ಲೆಸ್ನಿ ಇಂಗ್ಲೆಂಡಿನಲ್ಲಿ ತಯಾರಿಸಿತು ಎಂಬಷ್ಟೇ ಬರಹವಿದ್ದು, ಮ್ಯಾಚ್‌ಬಾಕ್ಸ್ ಎಂಬ ಹೆಸರಾಗಲಿ ಸಂಖ್ಯೆಯಾಗಲಿ ಇಲ್ಲದಿರುವುದುಂಟು. ಸರಣಿಯ ಹೆಸರು ಮತ್ತು ಸಂಖ್ಯೆ ಆಮೇಲೆ ಬಂದವು. ಲೆಸ್ನಿ 1982ರ ಜೂನ್‌ನಲ್ಲಿ ದಿವಾಳಿಯಾಗಿ ಹಾಂಗ್‌ಕಾಂಗ್‌ನ ಯೂನಿವರ್ಸಲ್ ಕಂಪನಿಯ ಕೈಸೇರಿದ ಮೇಲೆ ತಯಾರಿಕೆ ಪೂರ್ವಕ್ಕೆ ಸರಿಯಿತು. ತಳದಲ್ಲಿ ಮಕಾವ್, ಆಮೇಲೆ ಚೀನಾ, ಥಾಯ್ಲೆಂಡ್ ಎಂಬ ಹೆಸರುಗಳು ಕಾಣುತ್ತವೆ. ಮುಂದೆ 1992ರಲ್ಲಿ ಟೈಕೋ, 1997ರಲ್ಲಿ ಮ್ಯಾಟೆಲ್ ಅದರ ಒಡೆಯರಾದರು. ಹೀಗಾಗಿ ತಳದಲ್ಲಿ ಮಕಾವ್ ಎಂದಿರುವ ಕಾರನ್ನು ಯಾರಾದರೂ ಎಪ್ಪತ್ತರ ದಶಕದ್ದೆಂದು ಹೇಳಿದರೆ ನಯವಾಗಿ ನಿರಾಕರಿಸಬಹುದು.

ತಳದ ಮೇಲಿನ ಇಸವಿಯ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಹೊಸಬರು ಬಹಳ ಮಂದಿ ಎಡವುವುದು ಇಲ್ಲಿಯೇ. ಆ ಇಸವಿ ವಿನ್ಯಾಸದ ಹಕ್ಕು ನೋಂದಾಯಿಸಿದ ವರ್ಷವೇ ಹೊರತು ನಿಮ್ಮ ಕೈಯಲ್ಲಿರುವ ಕಾರು ತಯಾರಾದ ವರ್ಷವಲ್ಲ. ಅಚ್ಚು ಇಪ್ಪತ್ತು ವರ್ಷ ಓಡಿದರೆ ಇಪ್ಪತ್ತು ವರ್ಷವೂ ಅದೇ ಅಂಕಿ ಇರುತ್ತದೆ. ಆದ್ದರಿಂದ ಅದನ್ನು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಓದಬೇಕು.

ಗಾಲಿ ಮತ್ತು ಆಕ್ಸಲ್

ಐವತ್ತು ಅರವತ್ತರ ದಶಕದ ಮ್ಯಾಚ್‌ಬಾಕ್ಸ್‌ನಲ್ಲಿ ಗಾಲಿಯಷ್ಟು ಸ್ಪಷ್ಟವಾಗಿ ಕಾಲವನ್ನು ಹೇಳುವ ಭಾಗ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲಿಗೆ ಲೋಹದ ಗಾಲಿಗಳಿದ್ದವು. 1958ರ ಸುಮಾರಿಗೆ ಬೂದು ಬಣ್ಣದ ಪ್ಲಾಸ್ಟಿಕ್ ಗಾಲಿಗಳು ಬಂದವು. ಕೆಲವು ಮಾದರಿಗಳಿಗೆ ಸ್ವಲ್ಪ ಕಾಲ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಗಾಲಿ ಹಾಕಿದರು. ಅರವತ್ತರ ದಶಕದ ಆರಂಭದಲ್ಲಿ ಕಪ್ಪು ಪ್ಲಾಸ್ಟಿಕ್ ಎಲ್ಲೆಡೆ ಹರಡಿತು. ನುರಿತ ಸಂಗ್ರಾಹಕರು ಇಲ್ಲಿಗೇ ನಿಲ್ಲದೆ ಗಾಲಿಯ ಅಂಚಿನ ಗೀರುಗಳನ್ನೂ ಎಣಿಸುತ್ತಾರೆ: ಒಂದೇ ಮಾದರಿಯ ಕಾರಿಗೆ 36 ಗೀರಿನದೂ 45 ಗೀರಿನದೂ ಇರಬಹುದು. ಎಣಿಸುವಾಗ ಒಂದು ಗೀರಿಗೆ ಪೆನ್ಸಿಲ್ಲಿನಿಂದ ಸಣ್ಣ ಗುರುತು ಮಾಡಿಕೊಂಡು ಗಾಲಿಯನ್ನು ನಿಧಾನವಾಗಿ ತಿರುಗಿಸಿ. ಗುರುತಿಲ್ಲದೆ ಎಣಿಸಿದರೆ ಲೆಕ್ಕ ಪ್ರತಿಸಲವೂ ಬೇರೆ ಬರುತ್ತದೆ.

ಆಕ್ಸಲ್‌ನ ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ. ಆರಂಭದವುಗಳಲ್ಲಿ ಗಾಲಿ ಜಾರದಂತೆ ಕಂಬಿಯ ತುದಿಯನ್ನು ಇಕ್ಕಳದಲ್ಲಿ ಹಿಸುಕಿದಂತೆ ಚಪ್ಪಟೆ ಮಾಡಿರುತ್ತಾರೆ. ಐವತ್ತರ ದಶಕದ ಕೊನೆಯಿಂದ ತುದಿ ಮೊಳೆಯ ತಲೆಯಂತೆ ಗುಂಡಗಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಗಾಲಿಯ ಕಾರಿಗೆ ಚಪ್ಪಟೆ ತುದಿಯ ಆಕ್ಸಲ್ ಕಂಡರೆ ಅನುಮಾನಪಡಬೇಕು.

ಅಮೆರಿಕದ ಮ್ಯಾಟೆಲ್ 1968ರಲ್ಲಿ ಹಾಟ್‌ವೀಲ್ಸ್ ಕಾರುಗಳನ್ನು ಬಿಡುಗಡೆ ಮಾಡಿತು. ತೆಳ್ಳನೆಯ ಆಕ್ಸಲ್ಲಿನ ಆ ಕಾರುಗಳು ತಳ್ಳಿದರೆ ಕೋಣೆಯುದ್ದಕ್ಕೂ ಓಡುತ್ತಿದ್ದವು; ಲೆಸ್ನಿಯ ಗಾಲಿಗಳು ಅವುಗಳ ಮುಂದೆ ನಿಧಾನವಾದವು. ಮರುವರ್ಷವೇ ಲೆಸ್ನಿ ಸೂಪರ್‌ಫಾಸ್ಟ್ ಎಂಬ ವೇಗದ ಗಾಲಿಗಳಿಗೆ ತಿರುಗಿತು. ಈ ಅವಸರದ ಬದಲಾವಣೆಯೇ ಸಂಗ್ರಾಹಕರಿಗೆ ಅತ್ಯಂತ ಸಮೃದ್ಧ ಕ್ಷೇತ್ರ. 75ನೇ ಸಂಖ್ಯೆಯ ಫೆರಾರಿ ಬರ್ಲಿನೆಟ್ಟಾವನ್ನೇ ತೆಗೆದುಕೊಳ್ಳಿ: 1965ರಲ್ಲಿ ಹೊಳಪಿನ ಹಸಿರು ಬಣ್ಣದಲ್ಲಿ, ಕಡ್ಡಿಗಾಲಿಯೊಂದಿಗೆ ಬಂತು, ಬಳಿಕ ಗಾಲಿಯ ನಡುವೆ ಕ್ರೋಮ್ ಬಿಲ್ಲೆ ಬಂತು, ಬಣ್ಣ ಕೆಂಪಾಯಿತು, 1970ರ ಹೊತ್ತಿಗೆ ಅದೇ ಕಾರು ಸೂಪರ್‌ಫಾಸ್ಟ್ ಗಾಲಿಯ ಮೇಲೆ ನಿಂತಿತು. ಸೂಪರ್‌ಫಾಸ್ಟ್‌ನಲ್ಲೂ ಮೊದಲು ಬಂದದ್ದು ಕಿರಿದಾದ ಗಾಲಿ, ಅನಂತರ ಅಗಲವಾದದ್ದು.

ಬಣ್ಣ, ಗಾಜು, ಜಾಹೀರಾತು

ಬಣ್ಣವನ್ನು ಕೊನೆಗೆ ನೋಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಬೆಲೆ ಏರುವುದು ಬಣ್ಣದಿಂದ, ಆದ್ದರಿಂದ ಮೋಸವೂ ಹೆಚ್ಚು ನಡೆಯುವುದು ಅದರಲ್ಲೇ. 8ನೇ ಸಂಖ್ಯೆಯ ಫೋರ್ಡ್ ಮಸ್ಟಾಂಗ್ ಸಾಮಾನ್ಯವಾಗಿ ಬಿಳಿ; ಹಳೆಯ ಗಾಲಿಯ ಕಿತ್ತಳೆ ಬಣ್ಣದ್ದು ವಿರಳ. 62ನೇ ಸಂಖ್ಯೆಯ ಮರ್ಕ್ಯುರಿ ಕೂಗರ್ ತಿಳಿ ಹಸಿರಿನದು. ಕೆನೆ ಬಣ್ಣದ್ದು ಸಿಗುವುದು ಬಹಳ ಕಷ್ಟ. ಇಂಥ ವಿರಳ ಬಣ್ಣ ಕಣ್ಣಿಗೆ ಬಿದ್ದಾಗ ತೆರೆಯುವ ಬಾಗಿಲಿದ್ದರೆ ಅದರ ಕೀಲಿನ ಸಂದಿಯನ್ನೂ, ಗಾಲಿಯ ಕಮಾನಿನ ಒಳಮೈಯನ್ನೂ, ತಳ ಸೇರುವ ಅಂಚನ್ನೂ ಪರೀಕ್ಷಿಸಿ. ಕಾರ್ಖಾನೆಯಲ್ಲಿ ಬಿಡಿಭಾಗಕ್ಕೆ ಬಣ್ಣ ಹೊಡೆದು ಆಮೇಲೆ ಜೋಡಿಸುತ್ತಿದ್ದರಿಂದ ಒಳಗೂ ಅದೇ ಬಣ್ಣ ಇರಬೇಕು. ಒಳಗೆ ಬಿಳಿ, ಹೊರಗೆ ಕಿತ್ತಳೆ ಎಂದರೆ ಮರುಬಣ್ಣ ಎಂದೇ ಅರ್ಥ. ಬಿಸಿಲಿಗೆ ಮಾಸಿದ ಬಣ್ಣವನ್ನು ಹೊಸ ಛಾಯೆಯೆಂದು ಭ್ರಮಿಸುವುದೂ ಉಂಟು. ಬಿಸಿಲು ತಾಗದ ಆ ಒಳಜಾಗಗಳೇ ನಿಜ ಹೇಳುತ್ತವೆ.

ಕಿಟಕಿಗಳಿಗೆ ಗಾಜಿನಂಥ ಪ್ಲಾಸ್ಟಿಕ್ ಇದೆಯೇ ಎಂಬುದೂ ಕಾಲಸೂಚಕ. 22ನೇ ಸಂಖ್ಯೆಯ ವಾಕ್ಸಾಲ್ ಕ್ರೆಸ್ಟಾ ಮತ್ತು 33ನೇ ಸಂಖ್ಯೆಯ ಫೋರ್ಡ್ ಝೋಡಿಯಾಕ್ ಮೊದಲು ಬರಿಯ ಕಿಟಕಿಯಿಂದ ಬಂದು, ಆಮೇಲೆ ಹಸಿರು ಗಾಜು ಪಡೆದವು. ಜಾಹೀರಾತುಗಳ ವಿಷಯದಲ್ಲಿ ನೀರಿನ ಡಿಕಾಲ್ ಹಳೆಯದು, ಅಂಟಿಸುವ ಕಾಗದದ ಚೀಟಿ ಅದರ ನಂತರದ್ದು, ಲೋಹದ ಮೇಲೆ ನೇರವಾಗಿ ಒತ್ತಿದ ಮುದ್ರಣ ಇನ್ನೂ ಈಚಿನದು ಎಂಬ ಕ್ರಮ ನೆನಪಿದ್ದರೆ ಸಾಕು. ಡಿಕಾಲ್‌ನ ಅಂಚಿನಲ್ಲಿ ಪಾರದರ್ಶಕ ಪೊರೆಯ ಗೆರೆ ಓರೆ ಬೆಳಕಿನಲ್ಲಿ ಕಾಣುತ್ತದೆ.

ಪೆಟ್ಟಿಗೆ ಉಳಿದಿದ್ದರೆ ಅದೃಷ್ಟ. ಹಳೆಯವುಗಳ ಮೇಲೆ ಮಾರಾಟದ ಹೊಣೆ ಹೊತ್ತಿದ್ದ ಮೋಕೋ ಎಂಬ ಸಂಸ್ಥೆಯ ಹೆಸರಿದೆ. ಬಳಿಕ ಲೆಸ್ನಿಯದು ಮಾತ್ರ ಉಳಿಯಿತು. ಆದರೆ ಪೆಟ್ಟಿಗೆಯನ್ನು ಎಂದೂ ಕಾರಿನ ಸಾಕ್ಷಿಯಾಗಿ ಒಪ್ಪಬೇಡಿ, ಏಕೆಂದರೆ ಎರಡನ್ನು ಜೊತೆಗೂಡಿಸಿದವರು ಯಾರೆಂದು ತಿಳಿಯದು.

ಸಾಕ್ಷಿಗಳನ್ನು ಕೂಡಿಸುವುದು

ಪ್ರತಿಯೊಂದು ಭಾಗಕ್ಕೂ ‘ಇಲ್ಲಿಂದ ಇಲ್ಲಿಯವರೆಗೆ’ ಎಂಬ ಒಂದು ಅವಧಿ ಬರೆಯಿರಿ. ಎಲ್ಲ ಅವಧಿಗಳೂ ಒಂದರ ಮೇಲೊಂದು ಬೀಳುವ ಭಾಗವೇ ಕಾರಿನ ಕಾಲ. ಭಾಗಗಳ ನಡುವೆ ಜಗಳವಿದ್ದರೆ ಎಲ್ಲಕ್ಕಿಂತ ಈಚಿನ ಭಾಗದ ಮಾತೇ ನಡೆಯಬೇಕು: ಹಳೆಯ ಗಾಲಿ ಮೂಟೆಯಲ್ಲಿ ಉಳಿದು ಹೊಸ ಕಾರಿಗೆ ಬಂದಿರಬಹುದು, ಆದರೆ ಇನ್ನೂ ಹುಟ್ಟದ ಗಾಲಿ ಹಳೆಯ ಕಾರಿಗೆ ಕಾರ್ಖಾನೆಯಲ್ಲಿ ಬರಲಾರದು. ಈ ಒಂದು ನಿಯಮ ಕೈವಶವಾದರೆ ಅರ್ಧ ಕೆಲಸ ಮುಗಿದಂತೆ.

ಭಾಗ ಬದಲಾಯಿಸಿದ್ದಾರೆಯೇ ಎಂದು ತಿಳಿಯಲು ರಿವೆಟ್ ನೋಡಿ. ಮೂಲದ್ದು ಮೈಯ ಲೋಹದ್ದೇ ಕಡ್ಡಿ, ತುದಿಯನ್ನು ಹರಡಿ ಕೂರಿಸಿರುತ್ತಾರೆ. ಡ್ರಿಲ್ ಮಾಡಿ ತೆಗೆದಿದ್ದರೆ ನಡುವೆ ಹೊಸ ಲೋಹದ ಹೊಳಪೋ, ತುಂಬಿದ ಅಂಟೋ, ಸ್ಕ್ರೂವೋ ಕಾಣುತ್ತದೆ. ಒಮ್ಮೆ ನಾನು ಮಾರಾಟಗಾರರೊಬ್ಬರ ಮಾತು ನಂಬಿ 32ನೇ ಸಂಖ್ಯೆಯ ಜಾಗ್ವಾರ್ ಇ-ಟೈಪ್ ಕೊಂಡು ತಂದೆ. ಮನೆಯ ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದಾಗ ರಿವೆಟ್‌ನ ಮಧ್ಯೆ ಸಾಸಿವೆ ಕಾಳಿನಷ್ಟು ಬೆಳ್ಳಿ ಚುಕ್ಕೆ ಮಿನುಗಿತು. ಟೈರುಗಳು ಬೇರೊಂದು ಕಾರಿನವು. ಅಂದಿನಿಂದ ಹಣ ಕೊಡುವ ಮೊದಲೇ ಕಾರನ್ನು ಮಗುಚುತ್ತೇನೆ.

ನಮ್ಮ ನೆಲದಲ್ಲಿ ಸಿಗುವವು

ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೊಂದು ಬಗೆ ಸಿಗುತ್ತದೆ. ಇಂಗ್ಲೆಂಡಿನ ಡಿಂಕಿ ಟಾಯ್ಸ್‌ನ ಕೆಲವು ಹಳೆಯ ಅಚ್ಚುಗಳು ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಕ್ಕೆ ಬಂದು, ಅವುಗಳಿಂದ ನಿಕಿ ಟಾಯ್ಸ್ ಎಂಬ ಹೆಸರಿನ ಕಾರುಗಳು ತಯಾರಾದವು. ಮರ್ಸಿಡಿಸ್ ಬೆಂಝ್ 220 ಎಸ್‌ಇ ಮತ್ತು ಜಾಗ್ವಾರ್ ಇ-ಟೈಪ್ ಅವುಗಳಲ್ಲಿ ಸೇರಿವೆ. ತಳವನ್ನು ಓರೆ ಬೆಳಕಿನಲ್ಲಿ ನೋಡಿ: ಡಿಂಕಿ ಎಂಬ ಹೆಸರನ್ನು ಅಚ್ಚಿನಲ್ಲೇ ಅಳಿಸಿದ ಜಾಗ ಸುತ್ತಲಿನ ಮೈಗಿಂತ ಒರಟಾಗಿ ಕಾಣಬಹುದು. ಮೇಲ್ಮೈ ಅಷ್ಟು ನಯವಲ್ಲ, ಬಣ್ಣ ದಪ್ಪ. ಇವನ್ನು ಕಳಪೆ ಡಿಂಕಿ ಎಂದು ಬದಿಗೆ ಸರಿಸುವುದು ತಪ್ಪು. ಸವೆದ ಅಚ್ಚಿನ ಎರಡನೆಯ ಬದುಕನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತುಗಳು ಬೇರೆ ಕಡಿಮೆ.

ಇಂದಿನ ಹಾಟ್‌ವೀಲ್ಸ್ ಸಂಗ್ರಹಿಸುವವರಿಗೆ ಕೆಲಸ ಸುಲಭ. 2008ರಿಂದ ಈಚಿನ ಕಾರುಗಳ ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಒತ್ತಿರುತ್ತವೆ. ಅಕ್ಷರ ವರ್ಷವನ್ನು, ಅಂಕಿ ಆ ವರ್ಷದ ವಾರವನ್ನು ಹೇಳುತ್ತದೆ. ಎ ಎಂದರೆ 2008, ಎಚ್ ಎಂದರೆ 2015. ಒಂದರಂತೆ ಕಾಣುವ ಐ ಅಕ್ಷರವನ್ನು ಬಿಟ್ಟು ಜೆ 2016, ಎನ್ 2020. ಸೊನ್ನೆಯಂತೆ ಕಾಣುವ ಓ ಬಿಟ್ಟು ಪಿ 2021. ಹೀಗೆ ಎಚ್ 27 ಎಂದಿದ್ದರೆ ಅದು 2015ರ 27ನೆಯ ವಾರದ್ದು. ಅಂಥ ಗುರುತಿಲ್ಲದ ಹಳೆಯ ಹಾಟ್‌ವೀಲ್ಸ್‌ಗಳಲ್ಲಿ ಟೈರಿನ ಮೇಲಿನ ಕೆಂಪು ಗೆರೆ 1968ರಿಂದ 1977ರವರೆಗಿನ ಕಾಲವನ್ನು ಸೂಚಿಸುತ್ತದೆ.

ಕೊನೆಗೆ ಬರವಣಿಗೆ. ಪ್ರತಿ ಕಾರಿಗೂ ಒಂದು ಚೀಟಿ ಮಾಡಿ, ತಳದ ಫೋಟೊ ಜೊತೆಗಿಡಿ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೇಜಿನ ಮೇಲಿನ ಸಣ್ಣ ಬಸ್ಸಿನ ಚೀಟಿಯಲ್ಲಿ ನಾನು ಬರೆದದ್ದು ಇಷ್ಟು: ‘ಸಂಖ್ಯೆ 5, ಉದ್ದ 65 ಮಿಲಿಮೀಟರ್, ಮೂರನೆಯ ಅಚ್ಚು. ವಿಸ್ಕೋ ಸ್ಟ್ಯಾಟಿಕ್ ಡಿಕಾಲ್, ಬಲಮೂಲೆ ಹರಿದಿದೆ. ಕಪ್ಪು ಪ್ಲಾಸ್ಟಿಕ್ ಗಾಲಿ, ಗುಂಡು ತುದಿಯ ಆಕ್ಸಲ್, ರಿವೆಟ್ ಮುಟ್ಟಿಲ್ಲ. ಇದೇ ಅಚ್ಚಿಗೆ ಮೊದಲು ಬೂದು ಗಾಲಿ ಇದ್ದದ್ದರಿಂದ ಇದು ಆರಂಭದ ತಂಡದ್ದಲ್ಲ. ಕಾಲ: 1961ರ ನಂತರ, 1965ರ ಒಳಗೆ.’